ಹಳೆಯ ವ್ಯಾನಿನ ರೋಗನಿದಾನ

ಮಾರುತಿಯ ಚಿಕ್ಕ ವ್ಯಾನು 1984ರಲ್ಲಿ ಮಾರಾಟಕ್ಕೆ ಬಂದಿತು. 1988ರಲ್ಲಿ ಅದಕ್ಕೆ ‘ಓಮ್ನಿ’ ಎಂದು ಹೆಸರಾಯಿತು. 2019ರಲ್ಲಿ ಅದರ ನಿರ್ಮಾಣವು ನಿಂತಿತು. ಆದರೂ ಬಸವಕಲ್ಯಾಣ ಹುಮನಾಬಾದುಗಳ ನಡುವೆ ಅದು ಜೋಳದ ಚೀಲಗಳನ್ನೂ, ಮದುವೆಯ ಬೀಗರನ್ನೂ, ಒಮ್ಮೊಮ್ಮೆ ಅರ್ಧರಾತ್ರಿಯಲ್ಲಿ ಹೆರಿಗೆಯ ಬೇನೆಯಿಂದ ನರಳುವ ಹೆಂಗಸನ್ನೂ ಹೊತ್ತು ಇಂದಿಗೂ ಓಡುತ್ತಲಿದೆ. ಅಂಥ ರಾತ್ರಿಯಲ್ಲಿ ಕೀಲಿ ತಿರುಗಿಸಿದೊಡನೆ ‘ಟಿಕ್’ ಎಂದು ಯಂತ್ರವು ಮೌನವಾದರೆ ಮನೆಯವರೆಲ್ಲರೂ ಬ್ಯಾಟರಿಯನ್ನೇ ಶಪಿಸುವರು. ಮರುದಿನ ಸಾವಿರಾರು ರೂಪಾಯಿ ತೆತ್ತು ಹೊಸದನ್ನು ಕೂಡಿಸುವರು. ವಾರ ಕಳೆಯುವಷ್ಟರಲ್ಲಿ ಪುನಃ ಅದೇ ‘ಟಿಕ್’!

ತಾರ್ಕಿಕರ ಅನ್ವಯವ್ಯತಿರೇಕಗಳು ಇಲ್ಲಿ ಬಹಳ ಉಪಕಾರಿ. ಮುಂದಿನ ದೀಪಗಳನ್ನು ಹಚ್ಚಿ ಕೀಲಿ ತಿರುಗಿಸತಕ್ಕದ್ದು. ದೀಪವು ತೀರ ಮಂಕಾದರೆ ಬ್ಯಾಟರಿಯಾಗಲಿ ಅದರ ತುದಿಯ ಜೋಡಣೆಯಾಗಲಿ ದುರ್ಬಲವಾಗಿರಬೇಕು. ಮಂಕಾಗದಿದ್ದರೆ ಸ್ಟಾರ್ಟರನ್ನೂ, ಯಂತ್ರದಿಂದ ಗಾಡಿಯ ಮೈಗೆ ಬರುವ ಅರ್ಥ್ ತಂತಿಯನ್ನೂ ಸಂದೇಹಿಸಬೇಕು. ಈ ತಂತಿಯು ತುಕ್ಕು ಹಿಡಿದರೆ ವಿದ್ಯುತ್ತಿಗೆ ಮರಳುವ ದಾರಿಯೇ ಇಲ್ಲ. ಉಪ್ಪುಕಾಗದದಿಂದ ಉಜ್ಜಿ ಬಿಗಿಮಾಡುವುದಕ್ಕೆ ಎಷ್ಟು ಖರ್ಚು? ಪೂರ್ಣ ತುಂಬಿದ ಬ್ಯಾಟರಿಯು ಸುಮ್ಮನಿರುವಾಗ ಸುಮಾರು 12.6 ವೋಲ್ಟು ತೋರುವುದು. ಯಂತ್ರ ನಡೆಯುವಾಗ ಅದು 14ರ ಆಸುಪಾಸಿಗೆ ಏರದಿದ್ದರೆ ಆಲ್ಟರ್ನೇಟರು ಉಣಿಸುತ್ತಿಲ್ಲವೆಂದೇ ತಿಳಿಯಬೇಕು. ಉಪವಾಸವಿರುವವನನ್ನು ಬದಲಿಸಿದರೆ ಅಡಿಗೆಯಾದೀತೇ?

ಆ ರಾತ್ರಿಯ ಮಟ್ಟಿಗಾದರೋ ನಾಲ್ವರು ತಳ್ಳಿ, ಎರಡನೆಯ ಗೇರಿನಲ್ಲಿ ಕ್ಲಚ್ಚನ್ನು ಬಿಟ್ಟರೆ ಬಹುಶಃ ಯಂತ್ರವು ಎದ್ದೀತು.

ಬೇಸಗೆಯ ತೊಂದರೆಯು ಬೇರೆ. ಓಮ್ನಿಯ ಯಂತ್ರವಿರುವುದು ಮುಂದಿನ ಆಸನಗಳ ಕೆಳಗೆ. ಕಾವು ಮೊದಲು ತಾಗುವುದು ಚಾಲಕನ ತೊಡೆಗೆ. ಸೂಚಿಯು ಮೇಲೇರಿತೆಂದರೆ ಮರದ ನೆರಳಿನಲ್ಲಿ ನಿಲ್ಲಿಸಿ, ಪೂರ್ತಿ ತಣಿಯುವವರೆಗೆ ರೇಡಿಯೇಟರಿನ ಮುಚ್ಚಳವನ್ನು ಮುಟ್ಟಲಾಗದು. ಒಳಗಿನ ಒತ್ತಡದ ನೀರು ಮುಖಕ್ಕೇ ಚಿಮ್ಮುವುದು. ತಣಿದ ಮೇಲೆ ಮೊದಲು ನೀರು, ಆಮೇಲೆ ಪಂಖದ ಫ್ಯೂಸು.