ಲೆಕ್ಕಕ್ಕೆ ಸಿಗದ ಕೈ

ಮದುವೆ ಮುಗಿದ ಮರುದಿನ ಲೆಕ್ಕಕ್ಕೆ ಕುಳಿತರೆ ಎಷ್ಟು ಪಂಕ್ತಿ ಎದ್ದಿತು, ಎಷ್ಟು ಸೇರು ಅಕ್ಕಿ ಬೆಂದಿತು, ಎಷ್ಟು ಹೋಳಿಗೆ ಉಳಿಯಿತು ಎಂಬುದೆಲ್ಲ ಚೀಟಿಗೆ ಬರುತ್ತದೆ. ಬೀಗರಿಗೆ ಮುನಿಸು ಬಾರದಂತೆ, ಉಗ್ರಾಣದಲ್ಲಿ ಗೊಂದಲವಾಗದಂತೆ ಮೂರು ದಿನ ಓಡಾಡಿದ ಸೋದರತ್ತೆಯ ಹೆಸರು ಮಾತ್ರ ಆ ಚೀಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಆದದ್ದನ್ನು ಎಣಿಸುವುದು ಸುಲಭ. ಆಗದಂತೆ ತಡೆದದ್ದನ್ನು ಎಣಿಸುವುದು ಕಷ್ಟ. ಮನೆವಾರ್ತೆಯ ಈ ಹಳೆಯ ಸತ್ಯವನ್ನು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಜಗತ್ತು ತನ್ನದೇ ಆದ ರೀತಿಯಲ್ಲಿ ಕಲಿಯಬೇಕಾಯಿತು.

ಆ ದೇಶದ ವೃತ್ತಿಪರ ತಂಡಗಳ ಲೀಗಿಗೆ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಎಂದು ಹೆಸರು. ವರ್ಷವರ್ಷವೂ ಅದು ಒಬ್ಬನನ್ನು ಆರಿಸಿ ‘ಅತ್ಯಮೂಲ್ಯ ಆಟಗಾರ’ ಎಂಬ ಪ್ರಶಸ್ತಿಯಿತ್ತು ಗೌರವಿಸುತ್ತದೆ. 1955-56ರ ಋತುವಿನಲ್ಲಿ ಈ ಪದ್ಧತಿ ಆರಂಭವಾಯಿತು. ಮೊದಲ ಗೌರವ ಬಾಬ್ ಪೆಟಿಟ್ ಎಂಬಾತನಿಗೆ ಸಂದಿತು. 1979-80ರವರೆಗೆ ಆಟಗಾರರೇ ಮತ ಹಾಕಿ ಈ ಗೌರವಕ್ಕೆ ಪಾತ್ರನನ್ನು ಆರಿಸುತ್ತಿದ್ದರು. ಆಮೇಲೆ ಆ ಅಧಿಕಾರ ಪತ್ರಕರ್ತರ ಮತ್ತು ಪ್ರಸಾರಕರ ಕೈಗೆ ಬಂದಿತು. ಅತ್ಯಂತ ಹೆಚ್ಚು ಅಂಕ ಗಳಿಸಿದವನು ಯಾರೆಂದು ಕೇಳಿದ್ದರೆ ಗುಮಾಸ್ತನೊಬ್ಬನೇ ಉತ್ತರ ಹೇಳಿಬಿಡುತ್ತಿದ್ದ. ಕೇಳಿದ್ದು ಮೌಲ್ಯವನ್ನು. ಜಗಳ ಹುಟ್ಟಿದ್ದೂ ಅಲ್ಲಿಯೇ.

ಆ ಜಗಳಕ್ಕೆ 1961-62ರ ಋತುವಿಗಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಆ ವರ್ಷ ಫಿಲಡೆಲ್ಫಿಯಾ ವಾರಿಯರ್ಸ್ ತಂಡದಲ್ಲಿ ವಿಲ್ಟ್ ಚೇಂಬರ್ಲೇನ್ ಎಂಬ ಏಳಡಿ ಒಂದಂಗುಲದ ಮಹಾಕಾಯನಿದ್ದ. ಪಂದ್ಯವೊಂದಕ್ಕೆ ಸರಾಸರಿ 50.4 ಅಂಕಗಳನ್ನು ಆತ ಗಳಿಸಿದ. ಹಲಗೆಗೆ ಬಡಿದು ಮರಳಿದ ಚೆಂಡನ್ನು ಹಿಡಿಯುವುದಕ್ಕೆ ‘ರಿಬೌಂಡ್’ ಎನ್ನುತ್ತಾರೆ. ಅದರಲ್ಲಿಯೂ ಆತನ ಸರಾಸರಿ 25.7. ಆಟದ ಅವಧಿ 48 ನಿಮಿಷ. ಆತ ಅಂಗಳದಲ್ಲಿದ್ದ ಸರಾಸರಿ ಕಾಲವೋ 48.5 ನಿಮಿಷ! ಸಮಬಲವಾದ ಪಂದ್ಯಗಳಿಗೆ ಕೂಡಿಸುವ ಹೆಚ್ಚಿನ ಕಾಲವನ್ನೂ ಬಿಡದೆ ಆಡಿದ್ದರಿಂದ ಈ ವಿಚಿತ್ರ ಸಂಭವಿಸಿತು. 1962ರ ಮಾರ್ಚ್ 2ರ ರಾತ್ರಿ, ಚಾಕೊಲೇಟಿಗೆ ಹೆಸರಾದ ಹರ್ಷಿ ಎಂಬ ಸಣ್ಣ ಊರಿನಲ್ಲಿ, ನ್ಯೂಯಾರ್ಕ್ ನಿಕ್ಸ್ ತಂಡದೆದುರು ಆತ ಒಬ್ಬನೇ ನೂರು ಅಂಕ ಗಳಿಸಿದ. ಪಂದ್ಯ ಮುಗಿದ ಮೇಲೆ ಕಾಗದದ ಹಾಳೆಯೊಂದರ ಮೇಲೆ ‘100’ ಎಂದು ಬರೆದು ಆತನ ಕೈಗಿತ್ತರು. ಆ ಹಾಳೆಯನ್ನು ಹಿಡಿದು ಕುಳಿತ ಚೇಂಬರ್ಲೇನನ ಛಾಯಾಚಿತ್ರ ಇಂದಿಗೂ ಪ್ರಸಿದ್ಧವಾಗಿದೆ.

ಇಂಥ ವರ್ಷದ ಪ್ರಶಸ್ತಿ ಯಾರಿಗೆ ಸಲ್ಲಬೇಕೆಂದು ಶಾಲೆಯ ಹುಡುಗನನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಆದರೆ ಆಟಗಾರರು ಮತ ಹಾಕಿದ್ದು ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲನಿಗೆ. ಆತನ ಸರಾಸರಿ 18.9 ಅಂಕ, 23.6 ರಿಬೌಂಡ್. ಅಂಕಗಳಲ್ಲಿ ಚೇಂಬರ್ಲೇನನ ಅರ್ಧಕ್ಕೂ ಕಡಿಮೆ.

ಅದೇ ವರ್ಷ ಪತ್ರಕರ್ತರು ಲೀಗಿನ ಶ್ರೇಷ್ಠ ಐವರ ಪಟ್ಟಿಯನ್ನು ಬೇರೆಯಾಗಿ ಆರಿಸಿದರು. ಅವರ ಮೊದಲ ಪಟ್ಟಿಯಲ್ಲಿ ನಡು ಆಟಗಾರನ ಸ್ಥಾನ ಚೇಂಬರ್ಲೇನನಿಗೆ ದೊರೆಯಿತು. ರಸೆಲನಿಗೆ ಎರಡನೆಯ ಪಟ್ಟಿ. ಪತ್ರಿಕೆಯ ಮೇಜಿನಿಂದ ನೋಡಿದವರಿಗೆ ಒಬ್ಬ ದೊಡ್ಡವನಾಗಿ ಕಂಡ. ಅಂಗಳದಲ್ಲಿ ನಿಂತವರಿಗೆ ಇನ್ನೊಬ್ಬ. ಲೀಗಿನಲ್ಲಿ ಆಗ ಇದ್ದವು ಒಂಬತ್ತು ತಂಡಗಳು. ಬಾಸ್ಟನ್ ಅವುಗಳಲ್ಲಿ ಒಂದು. ಎಂದರೆ ರಸೆಲನನ್ನು ಗೆಲ್ಲಿಸಿದವರಲ್ಲಿ ಬಹುಮಂದಿ ಆತನ ಎದುರಾಳಿಗಳೇ. ಆತನ ನೀಳವಾದ ಎಡಗೈಯಿಂದ ಪೆಟ್ಟು ತಿಂದವರು ಅವರು.

ಇಷ್ಟರಲ್ಲಿ ಮುಗಿಯಬಹುದಾಗಿದ್ದ ವ್ಯಾಜ್ಯವನ್ನು ಮುಂದೆ ಗಣಿತ ಮತ್ತೆ ತೆರೆಯಿತು. ಜಾನ್ ಹಾಲಿಂಜರ್ ಎಂಬ ಕ್ರೀಡಾಲೇಖಕ ‘ಪ್ಲೇಯರ್ ಎಫಿಶಿಯನ್ಸಿ ರೇಟಿಂಗ್’ ಎಂಬ ಮಾಪನವೊಂದನ್ನು ರಚಿಸಿದ. ‘ದಕ್ಷತಾಂಕ’ ಎಂದು ಅದನ್ನು ಕರೆಯಬಹುದು. ಅದರ ಹಂಚಿಕೆ ಗೃಹಿಣಿಯ ಜಮಾಖರ್ಚಿನಂತೆಯೇ ಸರಳವಾದುದು. ಗಳಿಸಿದ ಅಂಕ, ಜೊತೆಗಾರನಿಗೆ ಒದಗಿಸಿಕೊಟ್ಟ ಚೆಂಡು, ಹಿಡಿದ ರಿಬೌಂಡ್, ಕಸಿದ ಚೆಂಡು, ತಡೆದ ಎಸೆತ ಇವೆಲ್ಲ ಜಮಾ. ಗುರಿ ತಪ್ಪಿದ ಎಸೆತ, ಕಳೆದುಕೊಂಡ ಚೆಂಡು, ಮಾಡಿದ ತಪ್ಪು ಇವು ಖರ್ಚು. ಉಳಿದದ್ದನ್ನು ಆಡಿದ ನಿಮಿಷಗಳಿಂದ ಭಾಗಿಸಿ, ತಂಡದ ಆಟದ ವೇಗಕ್ಕೆ ತಕ್ಕಂತೆ ತಿದ್ದುತ್ತಾರೆ. ಇಡೀ ಲೀಗಿನ ಸರಾಸರಿ ಪ್ರತಿವರ್ಷವೂ 15 ಆಗುವಂತೆ ಕೊನೆಗೆ ಹೊಂದಿಸುತ್ತಾರೆ. ಹದಿನೈದಕ್ಕಿಂತ ಮೇಲಿದ್ದವನು ಸಾಮಾನ್ಯನಿಗಿಂತ ಮೇಲು. ಮೂವತ್ತನ್ನು ಮುಟ್ಟಿದವನು ಅಪೂರ್ವ.

ಈ ಅಳತೆಗೋಲನ್ನು ಹಿಂದಿನ ಕಾಲಕ್ಕೂ ಹಿಡಿದು ನೋಡಿದ್ದಾರೆ. 1961-62ರಲ್ಲಿ ಚೇಂಬರ್ಲೇನನ ದಕ್ಷತಾಂಕ 31ಕ್ಕೂ ಹೆಚ್ಚು. ಇಡೀ ವೃತ್ತಿಜೀವನದ ಲೆಕ್ಕದಲ್ಲಿ ಆತನಿಗೆ 26ರಷ್ಟು ಬಂದರೆ, ರಸೆಲನಿಗೆ ಬರುವುದು 19ರ ಹತ್ತಿರ. ಹಾಗಾದರೆ ಅಂದಿನ ಆಟಗಾರರು ಅನ್ಯಾಯ ಮಾಡಿದರೇ?

ತೀರ್ಪು ಹೇಳುವ ಮೊದಲು ಲೆಕ್ಕದ ಪುಸ್ತಕವನ್ನೇ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ತಡೆದ ಎಸೆತಗಳನ್ನೂ ಕಸಿದ ಚೆಂಡುಗಳನ್ನೂ ಈ ಲೀಗ್ ಬರೆದಿಡಲಾರಂಭಿಸಿದ್ದು 1973-74ರ ಋತುವಿನಿಂದ. ರಸೆಲ್ ಆಟ ಬಿಟ್ಟದ್ದು 1969ರಲ್ಲಿ. ಚೇಂಬರ್ಲೇನ್ ಕೊನೆಯ ಪಂದ್ಯವಾಡಿದ್ದು 1973ರಲ್ಲಿ. ಎಸೆತ ತಡೆಯುವುದನ್ನು ಒಂದು ಕಲೆಯನ್ನಾಗಿ ಮಾಡಿದ ಮಹಾಪುರುಷರಿಬ್ಬರೂ ನಿರ್ಗಮಿಸಿದ ಮೇಲೆ ಗುಮಾಸ್ತ ಲೇಖನಿಯನ್ನು ಕೈಗೆತ್ತಿಕೊಂಡ! ರಸೆಲ್ ಒಟ್ಟು ಎಷ್ಟು ಎಸೆತಗಳನ್ನು ತಡೆದನೆಂಬುದಕ್ಕೆ ಲೀಗಿನ ಅಧಿಕೃತ ದಾಖಲೆಯಲ್ಲಿ ಒಂದು ಅಂಕಿಯೂ ಇಲ್ಲ. ಯಾವ ಕೆಲಸಕ್ಕಾಗಿ ಎದುರಾಳಿಗಳು ಆತನಿಗೆ ಮತ ಹಾಕಿದರೋ ಅದೇ ಕೆಲಸದ ಅಂಕಣ ಬರಿದಾಗಿದೆ. ಜಮೆಯ ದೊಡ್ಡ ಬಾಬತ್ತೇ ಬಿಟ್ಟುಹೋದ ಮೇಲೆ ಒಟ್ಟು ಮೊತ್ತ ಸರಿಯಾಗಿದ್ದೀತು ಹೇಗೆ?

ಬರೆದಿಟ್ಟಿದ್ದರೂ ಪೂರ್ಣ ನ್ಯಾಯ ಸಲ್ಲುತ್ತಿರಲಿಲ್ಲ. ಎದುರಾಳಿಯ ಎಸೆತವನ್ನು ರಭಸದಿಂದ ಹೊಡೆದು ಪ್ರೇಕ್ಷಕರ ನಡುವೆ ಬೀಳಿಸುವವರುಂಟು. ಚಪ್ಪಾಳೆ ಜೋರಾಗಿ ಬೀಳುತ್ತದೆ. ಚೆಂಡು ಮಾತ್ರ ಮರಳಿ ಎದುರಾಳಿಗೇ ಸೇರುತ್ತದೆ. ರಸೆಲನ ರೀತಿ ಬೇರೆ. ಆತ ಚೆಂಡನ್ನು ಮೆಲ್ಲನೆ ತಟ್ಟಿ ಅಂಗಳದೊಳಗೇ ಉಳಿಸಿ, ತನ್ನವರ ಕೈ ಸೇರುವಂತೆ ಮಾಡುತ್ತಿದ್ದ. ಮರುಕ್ಷಣವೇ ಬಾಸ್ಟನ್ ತಂಡ ಆ ತುದಿಗೆ ಓಡಿ ಅಂಕ ಗಳಿಸುತ್ತಿತ್ತು. ದಕ್ಷತಾಂಕದ ಸೂತ್ರದಲ್ಲಿ ಈ ಎರಡು ತಡೆಗಳಿಗೂ ಒಂದೇ ಬೆಲೆ. ಇನ್ನು, ರಸೆಲ್ ನಿಂತಿದ್ದಾನೆಂದು ಹೆದರಿ ಎದುರಾಳಿ ಎಸೆಯದೆಯೇ ಉಳಿದ ಚೆಂಡಿಗೆ ಯಾವ ಸೂತ್ರದಲ್ಲಿಯೂ ಬೆಲೆಯಿಲ್ಲ. ಹಾಲಿಂಜರನೇ ತನ್ನ ಅಳತೆ ರಕ್ಷಣೆಯ ಆಟವನ್ನು ಪೂರ್ತಿಯಾಗಿ ಹಿಡಿಯಲಾರದೆಂದು ಒಪ್ಪಿಕೊಂಡಿದ್ದಾನೆ. ಅದು ಆತನ ದೊಡ್ಡತನ.

ಫಲವನ್ನು ನೋಡಿದರೆ ಆಟಗಾರರ ಮತ ಬರಿಯ ಅಭಿಮಾನವಲ್ಲವೆಂದು ತಿಳಿಯುತ್ತದೆ. ಆ ಋತುವಿನ 80 ಪಂದ್ಯಗಳಲ್ಲಿ ಬಾಸ್ಟನ್ 60 ಗೆದ್ದಿತು, ಫಿಲಡೆಲ್ಫಿಯಾ 49. ಮತದಾನದ ಬಳಿಕ ಪೂರ್ವ ವಿಭಾಗದ ಅಂತಿಮ ಸುತ್ತಿನಲ್ಲಿ ಎರಡು ತಂಡಗಳೂ ಎದುರಾದವು. ಏಳನೆಯ ಪಂದ್ಯದವರೆಗೂ ಹೋರಾಟ ನಡೆದು, ಬಾಸ್ಟನ್ 109-107ರಿಂದ ಗೆದ್ದಿತು. ಗೆಲುವಿನ ಅಂತರ ಎರಡೇ ಅಂಕ: ಒಂದು ಎಸೆತ, ಇಲ್ಲವೇ ಒಂದು ತಡೆ.

ಹೀಗೆಂದು ಅಂಕಿ-ಅಂಶಗಳನ್ನು ಒಲೆಗೆ ಹಾಕಿಬಿಡುವುದೂ ವಿವೇಕವಲ್ಲ. ಕಣ್ಣಿಗೂ ಪಕ್ಷಪಾತವುಂಟು. ಎತ್ತರಕ್ಕೆ ಹಾರುವವನನ್ನು, ವೇಗವಾಗಿ ಓಡುವವನನ್ನು ಅದು ಬೇಗ ಮೆಚ್ಚುತ್ತದೆ. ಸರ್ಬಿಯದ ಸೋಂಬೋರ್ ಪಟ್ಟಣದಿಂದ ಬಂದ ನಿಕೊಲಾ ಯೋಕಿಚ್ ಹೆಚ್ಚು ಹಾರುವವನೂ ಅಲ್ಲ, ವೇಗವಾಗಿ ಓಡುವವನೂ ಅಲ್ಲ. 2014ರಲ್ಲಿ ತಂಡಗಳು ಹೊಸಬರನ್ನು ಆರಿಸಿಕೊಂಡಾಗ ಆತನ ಸರದಿ ಬಂದದ್ದು ನಲವತ್ತೊಂದನೆಯದಾಗಿ. ಆ ಹೊತ್ತಿನಲ್ಲಿ ದೂರದರ್ಶನದಲ್ಲಿ ತಿಂಡಿಯ ಜಾಹೀರಾತೊಂದು ಓಡುತ್ತಿತ್ತು! ಮುಂದೆ ಡೆನ್ವರ್ ನಗರದ ತಂಡದಲ್ಲಿ ಆತ 2021-22ರಲ್ಲಿ ಪಡೆದ ದಕ್ಷತಾಂಕ ಸುಮಾರು 32.8, ಅಲ್ಲಿಯವರೆಗೆ ಯಾರೂ ಮುಟ್ಟದ ಎತ್ತರ. ಡೆನ್ವರ್ ಆ ವರ್ಷ ಪಶ್ಚಿಮ ವಿಭಾಗದಲ್ಲಿ ಆರನೆಯ ಸ್ಥಾನದಲ್ಲಿದ್ದರೂ ಪ್ರಶಸ್ತಿ ಆತನಿಗೇ ಸಂದಿತು. 2021, 2022, 2024 ಹೀಗೆ ಮೂರು ಬಾರಿ ಆತ ಅತ್ಯಮೂಲ್ಯನೆನಿಸಿದ. ಕಣ್ಣು ತಾತ್ಸಾರ ಮಾಡಿದವನ ಪರವಾಗಿ ಅಂಕಿ ಸಾಕ್ಷಿ ನುಡಿಯಿತು.

ಅಂಕಿಯನ್ನು ಸಾಕ್ಷಿಯಾಗಿ ಕರೆಯುವುದು ಧರ್ಮ. ನ್ಯಾಯಾಧೀಶನ ಪೀಠದಲ್ಲಿ ಕೂರಿಸುವುದು ತಪ್ಪು. ಸಾಕ್ಷಿ ತಾನು ಕಂಡದ್ದನ್ನು ಹೇಳಬಲ್ಲದು, ಕಾಣದ್ದನ್ನು ಹೇಳಲಾರದು. ಅದು ಏನನ್ನು ಕಂಡಿಲ್ಲವೆಂದು ವಿಚಾರಿಸುವುದು ತೀರ್ಪು ಕೊಡುವವರ ಹೊಣೆ.

ಚೇಂಬರ್ಲೇನ್, ರಸೆಲ್ ಇಬ್ಬರೂ ಅಂಗಳದ ಹೊರಗೆ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುವಷ್ಟು ಸ್ನೇಹದಿಂದಿದ್ದರು. ಚೇಂಬರ್ಲೇನ್ 1999ರಲ್ಲಿ ತೀರಿಕೊಂಡ. ರಸೆಲ್ ಹದಿಮೂರು ಋತುಗಳಲ್ಲಿ ಹನ್ನೊಂದು ಬಾರಿ ತನ್ನ ತಂಡದೊಡನೆ ಚಾಂಪಿಯನ್ ಪದವಿ ಪಡೆದು, ತುಂಬು ಬಾಳನ್ನು ಬಾಳಿ 2022ರ ಜುಲೈ 31ರಂದು ಕಣ್ಮುಚ್ಚಿದ. ಆತ ತೊಡುತ್ತಿದ್ದ ‘6’ ಎಂಬ ಸಂಖ್ಯೆಯನ್ನು ಇನ್ನು ಮುಂದೆ ಯಾವ ತಂಡದ ಯಾವ ಹೊಸ ಆಟಗಾರನಿಗೂ ಕೊಡಕೂಡದೆಂದು ಲೀಗ್ ಅದೇ ವರ್ಷ ನಿಶ್ಚಯಿಸಿತು.

ಒಬ್ಬನ ನೆನಪಿಗೆ ಉಳಿದದ್ದು ಕೈಯಲ್ಲಿ ಹಿಡಿದ ‘100’ ಎಂಬ ಹಾಳೆ. ಇನ್ನೊಬ್ಬನ ನೆನಪಿಗೆ ಉಳಿದದ್ದು ಯಾರೂ ಮತ್ತೆ ತೊಡಲಾರದ ಒಂದು ಸಂಖ್ಯೆ, ಮತ್ತು ದಾಖಲೆಯ ಪುಸ್ತಕದಲ್ಲಿ ಬರಿದಾದ ಒಂದು ಅಂಕಣ. ಆ ಅಂಕಣದಲ್ಲಿ ಏನಿರಬೇಕಾಗಿತ್ತೆಂದು 1962ರಲ್ಲಿ ಆತನೆದುರು ಆಡಿ ಸೋತವರಿಗೆ ಗೊತ್ತಿತ್ತು. ಅವರು ಅದನ್ನು ಮತಪತ್ರದಲ್ಲಿ ಬರೆದರು.