ರೋಹಿಣಿ ನದಿ, ಮಾನ್ವಿ ಕಾಲುವೆ

ಈಗಷ್ಟೇ ಬೌದ್ಧ ಜಾತಕ ಕಥೆಗಳಲ್ಲೊಂದಾದ ಕುಣಾಲ ಜಾತಕದ ಮೊದಲ ಭಾಗ ಓದಿದೆ, ಬರೆಯದೆ ಇರೋಕೆ ಆಗ್ತಿಲ್ಲ. ಜ್ಯೇಷ್ಠದ ಬಿಸಿಲು, ಪೈರು ಬಾಡ್ತಿದೆ. ರೋಹಿಣಿ ನದಿಗೆ ಕಟ್ಟಿದ ಒಂದೇ ಒಡ್ಡಿನ ನೀರು ಶಾಕ್ಯ ಕುಲದವರಿಗೂ ಬೇಕು, ಕೋಲಿಯ ಕುಲದವರಿಗೂ ಬೇಕು. ಎರಡೂ ಕಡೆಯವರದು ಒಂದೇ ಮಾತು: ನಮಗೆ ಇನ್ನೊಂದು ನೀರು ಸಿಕ್ಕರೆ ಸಾಕು, ಬೆಳೆ ಕೈಗೆ ಬರುತ್ತೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ, ನಮ್ಮ ಮಾನ್ವಿ ಸೀಮೆಯಲ್ಲಿ, ಭತ್ತ ತೆನೆಗಟ್ಟೋ ಹೊತ್ತಿಗೆ ಕೇಳೋದೂ ಇದೇ ಮಾತಲ್ವಾ!

ಕಥೆಯಲ್ಲಿ ಈ ಮಾತು ಬೆಳೆದು ಎರಡೂ ಕಡೆಯವರು ಯುದ್ಧಕ್ಕೆ ನಿಲ್ತಾರೆ. ಜಗಳ ಯಾತಕ್ಕೆ ಅಂತ ಬುದ್ಧ ಬಂದು ಕೇಳಿದರೆ ರಾಜರಿಗೇ ಗೊತ್ತಿಲ್ಲ. ಸೇನಾಪತಿಗೂ ಗೊತ್ತಿಲ್ಲ. ಕೇಳುತ್ತಾ ಕೇಳುತ್ತಾ ಕೊನೆಗೆ ಉತ್ತರ ಸಿಗೋದು ಹೊಲದ ಆಳುಗಳ ಬಾಯಲ್ಲಿ: ನೀರಿಗೆ. ಕಥೆಯ ಜೀವ ಇರೋದೇ ಇಲ್ಲಿ ಅನಿಸ್ತು ನನಗೆ. ಈಗ ಇದನ್ನು ಹೊಸದಾಗಿ ಹೇಳೋದಾದರೆ ರಾಜರನ್ನು ಬಿಟ್ಟು, ರಾತ್ರಿಯೆಲ್ಲ ಬ್ಯಾಟರಿ ಹಿಡಿದು ತೂಬು ಕಾಯುವ ಆಳಿನ ಬಾಯಿಂದಲೇ ಹೇಳಿಸಬೇಕು. ಅಶೋಕನ ಹೆಸರು ಕೊರೆದ ಮಸ್ಕಿ ಶಾಸನ ನಮ್ಮ ರಾಯಚೂರು ಜಿಲ್ಲೆಯದೇ. ಬುದ್ಧನ ಕಥೆ ಈ ನೆಲಕ್ಕೆ ಹೊರಗಿನದಲ್ಲ.

ದೇವದುರ್ಗ, ಮಾನ್ವಿ ಕಡೆಯ ಗೆಳೆಯರೇ, ನಿಮ್ಮೂರಲ್ಲಿ ನೀರಿನ ಜಗಳ ಬಿಡಿಸಿದ ಹಿರಿಯರಿದ್ದರೆ ಅವರು ಏನಂದ್ರು ಅಂತ ಕೆಳಗೆ ಬರೀರಿ.