ಜಿಲ್ಲೆಯ ಲೆಕ್ಕದಲ್ಲಿ ನಾವು

1997ರಲ್ಲಿ ಜೆ.ಎಚ್. ಪಟೇಲ್ ಸರ್ಕಾರ ಬೆಳಗಾವಿ ಜಿಲ್ಲೆಯನ್ನು ಒಡೆದು ಗೋಕಾಕ, ಚಿಕ್ಕೋಡಿ ಜಿಲ್ಲೆಗಳನ್ನು ಘೋಷಿಸಿ, ಆಮೇಲೆ ಹಿಂದಕ್ಕೆ ಪಡೆಯಿತು. ಗಡಿ ವಿವಾದ ಮುಗಿಯುವ ಮೊದಲೇ ಒಡೆದರೆ ಉಳಿದ ಬೆಳಗಾವಿಯಲ್ಲಿ ಮರಾಠಿ ಮಾತನಾಡುವವರ ಪ್ರಮಾಣ ಹೆಚ್ಚಿ, ಮಹಾರಾಷ್ಟ್ರದ ವಾದಕ್ಕೆ ಬಲ ಬರುತ್ತದೆ ಎಂಬುದು ಕನ್ನಡ ಸಂಘಟನೆಗಳ ಆತಂಕವಾಗಿತ್ತು.

ವಾಣಿಜ್ಯ ವಿದ್ಯಾರ್ಥಿಯಾದ ನಾನು ಎರಡೂ ಬದಿ ಬರೆಯಬೇಕು. ಜಿಲ್ಲಾ ಕಚೇರಿಯ ಕೆಲಸಕ್ಕೆ ಅಬ್ಬಾ ಬೆಳಗಾವಿಗೆ ಹೋದರೆ ಬಸ್ ಖರ್ಚಿನ ಜೊತೆ ಒಂದು ದಿನದ ಕೂಲಿಯೂ ಹೋಗುತ್ತದೆ. ಮೂಡಲಗಿಯವರಿಗೆ ದಾರಿ ಇನ್ನೂ ಉದ್ದ. ಹಾಗಂತ ಗಡಿಯ ಆತಂಕ ಸುಳ್ಳಲ್ಲ.

ಆದರೆ ಆ ಲೆಕ್ಕದಲ್ಲಿ ಕನ್ನಡ, ಮರಾಠಿ ಎಂದು ಎರಡೇ ಕಾಲಂ. ನಮ್ಮ ಮನೆಮಾತು ಉರ್ದು. ಅಬ್ಬಾರ ಅರ್ಜಿಗಳನ್ನು ನಾನು ಬರೆಯುವುದು ಕನ್ನಡದಲ್ಲಿ. ಕನ್ನಡದವರನ್ನು ಎಣಿಸುವಾಗ ನಮ್ಮನ್ನೂ ಎಣಿಸಿ. ಗೋಕಾಕ ಜಿಲ್ಲೆಯಾಗಲಿ ಎಂದು ನಾನೂ ಕೇಳುತ್ತೇನೆ.